ಆರೋಗ್ಯವಂತರ ರಕ್ತ

ತಾಕ್ ಗ್ಯುರಿ ಕಂಪ್ಯೂಟರಿನ ಪರದೆಯನ್ನು ಎಷ್ಟು ಹೊತ್ತು ನೋಡುತ್ತ ಕೂತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಎಡಮೂಲೆಯಲ್ಲಿ ಗುಂಪಾಗಿ ಇರಬೇಕಿದ್ದ ಚುಕ್ಕೆಗಳೆಲ್ಲ ಬಲಕ್ಕೆ ಗುಳೆ ಎದ್ದು ಹೋಗಿದ್ದವು.

ಡೇಗು ನಗರದ ಆ ಪ್ರಯೋಗಾಲಯದಲ್ಲಿ ಅವಳು ಓದು ಮುಗಿಸಿದಾಗಿನಿಂದ ಕಡಜದ ವಿಷದ ಬೆನ್ನು ಹತ್ತಿದ್ದಳು. ಒಂದೇ ಕುಟುಕಿಗೆ ಒಬ್ಬ ಕೆನ್ನೆ ಊದಿಸಿಕೊಂಡು ಬೈದುಕೊಳ್ಳುತ್ತ ಮನೆಗೆ ಹೋಗುತ್ತಾನೆ, ಇನ್ನೊಬ್ಬ ಅಲ್ಲೇ ಕುಸಿದು ಸಾಯುತ್ತಾನೆ, ಯಾಕೆ? ಅದೇ ಅವಳ ಪ್ರಶ್ನೆ. ಕುಟುಕಿಸಿಕೊಂಡು ಸಾಯುವಂತಾಗಿ ಬದುಕಿದವರ ರಕ್ತವನ್ನು ಆಸ್ಪತ್ರೆಯಿಂದ ತರಿಸಿ, ಅದಕ್ಕೆ ವಿಷದ ಹನಿ ಹಾಕಿ, ಒಂದು ಬಗೆಯ ಬಿಳಿಕಣಗಳು ರೊಚ್ಚಿಗೇಳುತ್ತವೆಯೋ ಇಲ್ಲವೋ ಎಂದು ಯಂತ್ರದಲ್ಲಿ ನೋಡುತ್ತಿದ್ದಳು. ರೊಚ್ಚಿಗೆದ್ದ ಕಣಗಳು ಪರದೆಯ ಬಲಕ್ಕೆ ಸರಿಯುತ್ತವೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಲ್ಲ, ಅದನ್ನು ಅನುಮತಿ ಪತ್ರಕ್ಕೆ ಸಹಿ ಹಾಕಿ ಪ್ರಯೋಗಾಲಯದವರೇ ಸರದಿಯ ಮೇಲೆ ಕೊಡುತ್ತಿದ್ದರು. ಆ ದಿನದ ಸರದಿ ಗ್ಯುರಿಯದು.

ಕೊಳವೆ ಅದಲು ಬದಲಾಗಿರಬೇಕು ಅಂದುಕೊಂಡಳು. ತೋಳಿಗೆ ಮತ್ತೆ ಸೂಜಿ ಚುಚ್ಚಿಸಿಕೊಂಡು ಮೊದಲಿನಿಂದ ಮಾಡಿದಳು. ಚುಕ್ಕೆಗಳು ಮತ್ತೆ ಬಲಕ್ಕೇ ಹೋದವು.

ಆಗ ಒಂದೊಂದೇ ನೆನಪಾಗತೊಡಗಿತು. ಅಗ್ನಿಶಾಮಕದವರು ಮನೆಗಳ ಸೂರಿನಿಂದ ಕಿತ್ತು ತಂದುಕೊಡುವ ಗೂಡುಗಳಿಂದ ಹುಳು ಹೆಕ್ಕಿ, ವಿಷದ ಚೀಲ ಎಳೆದು, ಹಿಂಡಿ, ಒಣಗಿಸಿದರೆ ಉಳಿಯುವುದು ಹಿಟ್ಟಿನಂಥ ಬಿಳಿ ಪುಡಿ. ಅದನ್ನು ಕೆರೆದು ತೂಗುವ ಪುಟ್ಟ ಕೋಣೆಯಲ್ಲಿ ಗಾಳಿ ಎಳೆಯುವ ಪೆಟ್ಟಿಗೆ ಕೆಟ್ಟು ಯಾವುದೋ ಕಾಲವಾಗಿತ್ತು. ಹೋದ ವರ್ಷದಿಂದ ಆ ಕೋಣೆ ಹೊಕ್ಕರೆ ಸಾಕು, ಅವಳಿಗೆ ಸೀನು. ಕಣ್ಣು ಉರಿ. ನೆಗಡಿ ಅಂದುಕೊಂಡಿದ್ದಳು. ಇಷ್ಟು ದಿನ ಉಸಿರಿನ ಜೊತೆಗೆ ವಿಷವನ್ನೂ ಒಳಗೆಳೆದುಕೊಂಡು, ತನ್ನ ಮೈಗೆ ತಾನೇ ಅದರ ಮೇಲೆ ಹಗೆ ಕಲಿಸಿಬಿಟ್ಟಿದ್ದಳು.

"ಅಕ್ಕಾ, ಊಟಕ್ಕೆ ಬರಲ್ವಾ? ಇವತ್ತು ಕ್ಯಾಂಟೀನಿನಲ್ಲಿ ಹಂದಿ ಸಾರು. ತಡ ಮಾಡಿದ್ರೆ ಬರೀ ನೀರು ಸಿಗತ್ತೆ!" ಬಾಗಿಲಲ್ಲಿ ಬೋರಾಮ್ ತಲೆ ಹಾಕಿದಳು. ಗ್ಯುರಿಯ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ಮಾತಿನ ಮಲ್ಲಿ.

ಗ್ಯುರಿ ಪರದೆ ಆರಿಸಿದಳು. "ನೀನು ನಡಿ. ಬಂದೆ."

"ಮುಖ ಯಾಕೆ ಹಾಗಿದೆ? ಯಂತ್ರ ಮತ್ತೆ ಕೈ ಕೊಡ್ತಾ?"

"ಹೂಂ. ಯಂತ್ರ."

ಯಾಕೆ ಸುಳ್ಳು ಹೇಳಿದಳು? ಹೇಳಿದರೆ ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಪ್ಯೋ ಮೇಡಂ ಅವಳನ್ನು ಆ ಕ್ಷಣದಿಂದ ವಿಷದ ಹತ್ತಿರ ಬಿಡುವುದಿಲ್ಲ. ವಿಷವಿಲ್ಲದೆ ಅವಳಿಗೆ ಕೆಲಸವಿಲ್ಲ. ಆದರೆ ಅದಕ್ಕಿಂತ ದೊಡ್ಡದು ಬೇರೆಯೇ ಇತ್ತು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಕುಟುಕಿಸಿಕೊಂಡು ಸಾವಿನಂಚಿಗೆ ಹೋಗಿ ಬಂದವರ ಕಥೆಗಳನ್ನು ಕೇಳಿ ಬರೆದುಕೊಂಡವಳು ಅವಳೇ ಅಲ್ಲವೇ.

ಊರಾಚೆಯ ಒಂದು ಆಸ್ಪತ್ರೆಗೆ ಯಾರಿಗೂ ತಿಳಿಯದಂತೆ ಹೋಗಿ ಬಂದಳು. ಡಾಕ್ಟರು, ವಿಷ ತಾಗಿದರೆ ತಕ್ಷಣ ತೊಡೆಗೆ ಚುಚ್ಚಿಕೊಳ್ಳಲು, ಅಡ್ರಿನಲಿನ್ ತುಂಬಿದ ಇಂಜೆಕ್ಷನ್ ಪೆನ್ನು ಬರೆದುಕೊಟ್ಟರು. "ಮನೆಯವರಿಗೆಲ್ಲ ಇದನ್ನ ಹೇಗೆ ಚುಚ್ಚೋದು ಅಂತ ತೋರಿಸಿಡಿ. ಬೇಕಾದಾಗ ನಿಮ್ಮ ಕೈ ನಿಮ್ಮ ಮಾತು ಕೇಳದೇ ಇರಬಹುದು." ಗ್ಯುರಿ ತಲೆಯಾಡಿಸಿದಳು. ಯಾರಿಗೂ ತೋರಿಸಲಿಲ್ಲ, ಗಂಡ ವೊನ್‌ಸೋಪನಿಗೂ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ನೊಣ ಗುಂಯ್ ಎಂದರೂ ಎದೆ ಧಸಕ್ಕೆನ್ನುತ್ತಿತ್ತು. ಆದರೂ ಎರಡೆರಡು ಮುಖಗವಸು ಏರಿಸಿಕೊಂಡು ಪುಡಿಯ ಕೋಣೆಗೆ ಹೋಗುತ್ತಿದ್ದಳು, ಸೀನು ತಡೆಯಲಾಗದ ದಿನ ಬೋರಾಮಳನ್ನು ಕಳಿಸುತ್ತಿದ್ದಳು.

ಅಷ್ಟರಲ್ಲಿ ಸುಗ್ಗಿಯ ಛುಸೋಕ್ ಹಬ್ಬ ಬಂತು. ಗಂಡ ಹೆಂಡತಿ ಛೊಂಗ್‌ಸೋಂಗ್ ಬೆಟ್ಟದ ತಪ್ಪಲಿನ ಮಾವನ ಮನೆಗೆ ಹೋದರು. ಸುತ್ತ ಸೇಬಿನ ತೋಟ. ಮರದಡಿ ಬಿದ್ದು ಕೊಳೆಯುವ ಹಣ್ಣಿಗೆ ಕಡಜಗಳು ಮುತ್ತುವ ಕಾಲ. ಗ್ಯುರಿ ಕಾರಿನಿಂದ ಇಳಿದವಳೇ ಒಳಗೆ ಓಡಿದಳು.

"ನೋಡಿ, ಕೆಲಸ ಮಾಡೋಕೆ ಎಷ್ಟು ಅವಸರ ನನ್ನ ಸೊಸೆಗೆ!" ಎಂದು ಅತ್ತೆ ಹಿಗ್ಗಿದರು.

ಬೆಳಿಗ್ಗೆ ಹಿರಿಯರಿಗೆ ಎಡೆ ಇಟ್ಟು, ಅಡ್ಡಬಿದ್ದು, ಹೊಸ ಅಕ್ಕಿಯ ಕಡುಬು ತಿಂದದ್ದಾಯಿತು. ವೊನ್‌ಸೋಪ್ ಚಿಕ್ಕಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು, ಗುಡ್ಡದ ಮೇಲಿನ ಸಮಾಧಿಗಳ ಹುಲ್ಲು ಕೊಯ್ಯಲು ಹೋದ. ಮನೆಯಲ್ಲಿ ಉಳಿದವರು ಮಾವ, ಅತ್ತೆ, ಗ್ಯುರಿ ಮೂವರೇ. ಮಾವ ಒಳಕೋಣೆಯಿಂದ ಮಗುವನ್ನು ಎತ್ತಿ ತರುವವರ ಹಾಗೆ ಒಂದು ಗಾಜಿನ ಜಾಡಿ ಎತ್ತಿ ತಂದರು. ಕಂದು ಬಣ್ಣದ ಹೆಂಡದಲ್ಲಿ ಕಡಜದ ಗೂಡಿನ ತುಣುಕು, ಹೆಬ್ಬೆರಳಿನಷ್ಟು ದಪ್ಪದ ಹುಳುಗಳು.

"ಹಬ್ಬದ ದಿನ ಆ ಹಾಳು ಜಾಡಿ ತೆಗೀಬೇಡಿ ಅಂದ್ರೆ ಕೇಳಲ್ಲ," ಅತ್ತೆ ಗೊಣಗಿದರು. "ನೋಡಿದ್ರೇ ವಾಕರಿಕೆ ಬರತ್ತೆ."

"ನಿನಗೇನು ಗೊತ್ತು? ಇದರ ಬೆಲೆ ಗೊತ್ತಿರೋದು ನನಗೆ, ಇನ್ನು ನನ್ನ ಸೊಸೆಗೆ. ಅವಳು ಇದರಲ್ಲೇ ಡಾಕ್ಟರೇಟು ತಗೊಂಡಿದಾಳೆ ಕಣೇ! ಮೂರು ವರ್ಷ ನೆನೆಸಿಟ್ಟಿದೀನಿ ಮಗೂ. ಮಂಡಿ ನೋವು, ಸೊಂಟ ನೋವು, ಎಲ್ಲ ಓಡಿಹೋಗತ್ತೆ." ಪುಟ್ಟ ಬಟ್ಟಲು ತುಂಬಿಸಿ ಎರಡೂ ಕೈಗೆ ಕೊಟ್ಟರು.

"ಮಾವ, ನನಗೆ ಬೇಡ. ಹೊಟ್ಟೆ ಸರಿಯಿಲ್ಲ."

"ಹೊಟ್ಟೆಗೂ ಇದೇ ಮದ್ದು. ಏನಮ್ಮಾ, ಹುಳು ಕಂಡ್ರೆ ಹೆದರ್ತೀಯಾ? ದಿನಾ ಇದರ ಜೊತೆ ಸಂಸಾರ ಮಾಡೋಳು! ಕುಡಿ, ಸಾಯಲ್ಲ."

ಹೇಳಿಬಿಡಬಹುದಿತ್ತು. ಆದರೆ ಮಾವನಿಗೆ ಹೇಳಿದರೆ ಗಂಡನಿಗೆ ತಿಳಿಯುತ್ತದೆ, ಗಂಡನಿಗೆ ತಿಳಿದರೆ ಅವನು ಮೇಡಮ್ಮಿಗೆ ಫೋನ್ ಮಾಡದೆ ಬಿಡುವವನಲ್ಲ. ಮೂರು ವರ್ಷ ಹೆಂಡದಲ್ಲಿ ನೆಂದ ವಿಷ ಸತ್ತೇ ಹೋಗಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹಿರಿಯರ ಮುಂದೆ ಕುಡಿಯುವಾಗ ಮುಖ ಪಕ್ಕಕ್ಕೆ ತಿರುಗಿಸುವುದು ವಾಡಿಕೆಯಾದ್ದರಿಂದ ತಿರುಗಿ, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡಳು. ಅಡುಗೆಮನೆಗೆ ಹೋಗಿ ಉಗಿದರಾಯಿತು.

"ಹೇಗಿದೆ?" ಮಾವ ಮುಂದಕ್ಕೆ ಬಾಗಿ ಕೇಳಿದರು. "ಹೇಳು, ಹೇಗಿದೆ?"

ಬಾಯಿ ತೆರೆಯಬೇಕಾದ್ದರಿಂದ ನುಂಗಿದಳು. "ಚೆನ್ನಾಗಿದೆ, ಮಾವ."

ಮಾವ ತೊಡೆ ತಟ್ಟಿ ನಕ್ಕರು.

ಪಾತ್ರೆ ತೊಳೆಯಲು ಎದ್ದಾಗ ಅಂಗೈ ನವೆಯಾಯಿತು. ಸಾಬೂನು ಇರಬಹುದು. ಆಮೇಲೆ ತುಟಿ ಜುಮುಗುಟ್ಟಿತು. ಆಮೇಲೆ ಕಿವಿಯೊಳಗೆ, ನೆತ್ತಿಯಲ್ಲಿ, ಅಂಗಾಲಿನಲ್ಲಿ ನವೆ. ತೋಳು ಎತ್ತಿ ನೋಡಿಕೊಂಡರೆ ಕೆಂಪು ದದ್ದುಗಳು ಒಂದಕ್ಕೊಂದು ಕೂಡಿಕೊಳ್ಳುತ್ತ ಮೇಲಕ್ಕೆ ಏರುತ್ತಿದ್ದವು.

ಏನಾಗುತ್ತಿದೆ ಎಂದು ಅವಳಷ್ಟು ಸ್ಪಷ್ಟವಾಗಿ ಬಲ್ಲವರು ಆ ಜಿಲ್ಲೆಯಲ್ಲೇ ಇರಲಿಲ್ಲ. ಚರ್ಮದಡಿ, ಕರುಳ ಗೋಡೆಯಲ್ಲಿ, ಗಂಟಲ ಸುತ್ತ ಕಾವಲು ಕೂತ ಕಣಗಳು ಈಗ ಒಂದರ ಹಿಂದೊಂದು ಸಿಡಿಯುತ್ತಿವೆ. ಗಾಜಿನ ತಟ್ಟೆಯಲ್ಲಿ ಅವು ಸಿಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಷ್ಟು ಚೆಂದ ಎಂದು ಬೋರಾಮಳಿಗೆ ತೋರಿಸಿದ್ದಳು. ಸಿಡಿದದ್ದೆಲ್ಲ ರಕ್ತನಾಳಗಳನ್ನು ಸಡಿಲಿಸುತ್ತದೆ. ರಕ್ತದೊತ್ತಡ ಇಳಿಯುತ್ತದೆ. ಗಂಟಲು ಊದುತ್ತದೆ. ಆಮೇಲೆ ಏನು ಎಂಬುದೂ ಗೊತ್ತಿತ್ತು.

ಆಮೇಲೆ ಭಯ ಬಂತು. ಇದುವರೆಗಿನ ಭಯದಂತಲ್ಲ, ಹೊಟ್ಟೆಯ ತಳದಿಂದ ಕಪ್ಪಗೆ ಎದ್ದು ಬಂದ ಭಯ. ಬದುಕಿ ಬಂದವರೆಲ್ಲ ಅವಳಿಗೆ ಇದನ್ನೇ ಹೇಳಿದ್ದರು: ಸತ್ತೆ ಅಂತ ಖಾತ್ರಿಯಾಗಿಬಿಟ್ಟಿತು ಮೇಡಂ. ಆ ಭಯವೂ ಒಂದು ಲಕ್ಷಣ ಎಂದು ಅವಳು ಗುರುತು ಹಾಕಿಕೊಂಡಿದ್ದಳು. ಈಗ ಮೈ ಹೆದರುತ್ತಿದೆಯೋ ತಾನು ಹೆದರುತ್ತಿದ್ದೇನೆಯೋ ತಿಳಿಯದೆ, ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದು ನೆಲಕ್ಕೆ ಕುಸಿದಳು.

"ಅತ್ತೆ... ಬ್ಯಾಗು..."

"ಅಯ್ಯೋ! ಮುಖ ನೋಡ್ರೀ ಇವಳದು! ಏನ್ ಕುಡಿಸಿದ್ರಿ ನನ್ನ ಮಗೂಗೆ?"

"ಒಂದು ಗುಟುಕು ಕಣೇ, ಒಂದೇ ಗುಟುಕು..." ಮಾವನ ಕೈಯಿಂದ ಬಟ್ಟಲು ಜಾರಿತು.

"ಬ್ಯಾಗಲ್ಲಿ ಪೆನ್ನು. ಹಳದಿ ಪೆನ್ನು." ಮಾತು ಗೊರಗೊರ ಬರುತ್ತಿತ್ತು. ಅತ್ತೆ ಬ್ಯಾಗನ್ನು ತಲೆಕೆಳಗು ಮಾಡಿ ಸುರಿದರು. ಗ್ಯುರಿ ಪೆನ್ನು ಹಿಡಿಯಲು ಹೋದರೆ ಬೆರಳು ಮಡಚಲಿಲ್ಲ. ಡಾಕ್ಟರು ಹೇಳಿದ್ದು ಇದನ್ನೇ. "ಮುಚ್ಚಳ ಕೀಳಿ. ತೊಡೆಗೆ... ಒತ್ತಿ. ಜೋರಾಗಿ."

"ನಾನಾ? ನನ್ನ ಕೈಲಿ ಆಗಲ್ಲಮ್ಮಾ! ಕೋಳಿ ಕೊಯ್ಯೋಕೂ ಕೈ ನಡುಗತ್ತೆ ನಂಗೆ!"

"ಅತ್ತೆ. ಸಾಯ್ತೀನಿ."

ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಏನೋ ಕೂಗುತ್ತ, ಪ್ಯಾಂಟಿನ ಮೇಲಿಂದಲೇ ತೊಡೆಗೆ ಒತ್ತಿದರು. ಟಕ್ ಎಂಬ ಸದ್ದು. "ಇನ್ನೂ ಒತ್ತಿ ಹಿಡೀರಿ," ಎಂದಳು ಗ್ಯುರಿ. ಅತ್ತೆ ಅಳುತ್ತಲೇ ಹಿಡಿದುಕೊಂಡರು. ಮಾವ ಅಷ್ಟರಲ್ಲಿ ಆಂಬುಲೆನ್ಸಿಗಾಗಿ ಒಂದು ಒಂದು ಒಂಬತ್ತಕ್ಕೆ ಫೋನ್ ಮಾಡಿ, ಮನೆಯ ವಿಳಾಸವನ್ನೇ ಮರೆತು, "ಸೇಬಿನ ತೋಟ, ನೀಲಿ ತಗಡಿನ ಮನೆ, ಬೇಗ ಬನ್ನಿ, ನಾನೇ ಕೊಂದೆ ಸೊಸೆನ!" ಎಂದು ಕಿರುಚುತ್ತಿದ್ದರು. ಆಮೇಲೆ ಹಬ್ಬದ ಬಟ್ಟೆಯಲ್ಲೇ ಬರಿಗಾಲಲ್ಲಿ ರಸ್ತೆಗೆ ಓಡಿ ಕೈ ಬೀಸುತ್ತ ನಿಂತರು.

ಹಬ್ಬದ ವಾಹನಗಳ ಸಾಲು ದಾಟಿ ಆಂಬುಲೆನ್ಸ್ ಬರುವುದು ತಡವಾಯಿತು. ಅಷ್ಟು ಹೊತ್ತೂ ಗ್ಯುರಿ ದಿಂಬಿನ ಮೇಲೆ ಕಾಲೆತ್ತಿ ಮಲಗಿ, ಹುಲ್ಲುಕಡ್ಡಿಯ ತೂತಿನಲ್ಲಿ ಎಳೆದಂತೆ ಉಸಿರು ಎಳೆದಳು. ಒಮ್ಮೆ ಕಣ್ಣು ಕತ್ತಲಾಯಿತು. ಅತ್ತೆ ಕೆನ್ನೆಗೆ ಬಾರಿಸಿದರು. "ಮಲಗಬೇಡ! ಮಲಗಿದ್ರೆ ನಾನು ಸುಮ್ನಿರಲ್ಲ!" ನಿಧಾನವಾಗಿ ಆ ತೂತು ತುಸು ದೊಡ್ಡದಾಯಿತು. ಆಂಬುಲೆನ್ಸಿನವರು ಬಂದು ಎರಡನೆಯ ಸೂಜಿ ಹಾಕಿದರು. ಬದುಕಿಕೊಂಡಳು.

ಆಸ್ಪತ್ರೆಯಲ್ಲಿ ವೊನ್‌ಸೋಪ್ ಮಂಚದ ಪಕ್ಕ ಕೂತು, "ಯಾವಾಗಿಂದ ಗೊತ್ತಿತ್ತು?" ಎಂದಷ್ಟೇ ಕೇಳಿದ. ಅವಳು ಹೇಳಿದಳು. ಆಮೇಲೆ ಅವನು ಫೋನ್ ಎತ್ತುವ ಮೊದಲೇ ಅವಳೇ ಪ್ಯೋ ಮೇಡಮ್ಮಿಗೆ ಫೋನ್ ಮಾಡಿದಳು.

ಮೇಡಂ ಬೈಯಲಿಲ್ಲ. ಅದೇ ದಿನ ಪುಡಿಯ ಕೋಣೆಗೆ ಬೀಗ ಹಾಕಿಸಿದರು. ಆ ಕೋಣೆಗೆ ಕಾಲಿಟ್ಟವರೆಲ್ಲರ ರಕ್ತ ಪರೀಕ್ಷೆ ಆಗಲೇಬೇಕೆಂದರು. ಗ್ಯುರಿ ಕೆಲಸಕ್ಕೆ ಮರಳಿದ ದಿನ ಯಂತ್ರದ ಮುಂದೆ ಕೂತಿದ್ದವರು ಮೇಡಂ. ಉಳಿದವರೆಲ್ಲರ ಚುಕ್ಕೆಗಳೂ ಎಡಮೂಲೆಯಲ್ಲೇ ಇದ್ದವು, ಒಬ್ಬಳದ್ದು ಬಿಟ್ಟು. ಬೋರಾಮಳ ಚುಕ್ಕೆಗಳು ಗ್ಯುರಿಯವಕ್ಕಿಂತಲೂ ದೂರ, ಪರದೆಯ ಅಂಚಿಗೇ ಹೋಗಿ ಅಂಟಿಕೊಂಡಿದ್ದವು.

ಮರುವಾರ ಅಗ್ನಿಶಾಮಕದವರ ಜೊತೆ ಗೂಡು ಕೀಳಲು ಹೋಗಬೇಕಾಗಿದ್ದವಳು ಬೋರಾಮ್. ಅವಳ ಹೆಸರು ಹಾಕಿದ್ದು ಗ್ಯುರಿಯೇ.

"ಅಕ್ಕಾ," ಬೋರಾಮಳ ದನಿ ಯಾರದೋ ದನಿಯಂತಿತ್ತು. "ನಿಮಗೆ ನಿಮ್ಮದು ಯಾವಾಗ ಗೊತ್ತಾಯ್ತು?"

"ಹಬ್ಬಕ್ಕೆ ಮುಂಚೆ. ಯಂತ್ರ ಕೈ ಕೊಟ್ಟಿದೆ ಅಂದ್ನಲ್ಲ, ಆ ದಿನ."

"ಆಮೇಲೂ ನನ್ನನ್ನ ಪುಡಿ ತೂಗೋಕೆ ಕಳಿಸಿದ್ರಿ."

"ಕಳಿಸಿದೆ."

ಬೋರಾಮ್ ಬಿಳಿ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಹೊರಟುಹೋದಳು. ಸೇಬಿನ ತೋಟದ ಮನೆಯ ನೆಲದ ಮೇಲೆ ಮಲಗಿದ್ದಾಗಲೂ ಗ್ಯುರಿ ಹೀಗೆ ಹೆದರಿರಲಿಲ್ಲ. ಏಣಿಯ ಮೇಲೆ, ಸೂರಿನಡಿ, ಗೂಡಿಗೆ ಕೈ ಚಾಚಿದ ಬೋರಾಮ್ ಮತ್ತೆ ಮತ್ತೆ ಕಣ್ಣೆದುರು ಬಂದಳು. ಅವಳ ಬ್ಯಾಗಿನಲ್ಲಿ ಪೆನ್ನಿರಲಿಲ್ಲ.

ಚಳಿಗಾಲ ಹಿಡಿಯುವ ಹೊತ್ತಿಗೆ ಇಬ್ಬರಿಗೂ ಚಿಕಿತ್ಸೆ ಶುರುವಾಯಿತು. ಕಡಜದ ವಿಷವನ್ನೇ ತೀರ ಸಣ್ಣ ಪ್ರಮಾಣದಿಂದ ಆರಂಭಿಸಿ, ವರ್ಷಗಟ್ಟಲೆ ಚುಚ್ಚುತ್ತ, ಮೈಗೆ ಹಗೆ ಮರೆಸುವ ಚಿಕಿತ್ಸೆ. ಮೊದಲ ದಿನ ಸೂಜಿ ಚುಚ್ಚಿದ ಮೇಲೆ, ಏನಾದರೂ ಆದೀತೆಂದು ಕಾಯುವ ಕೋಣೆಯಲ್ಲಿ ಕೂರಿಸಿದರು. ಗ್ಯುರಿ ಬಂದಾಗ ಬೋರಾಮ್ ಆಗಲೇ ಅಲ್ಲಿದ್ದಳು. ತಿಂಗಳಿಂದ ಅವಳು ಗ್ಯುರಿಯ ಜೊತೆ ಕೆಲಸದ ಮಾತು ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಈಗ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಗ್ಯುರಿ ಕೂತಳು. ಇಬ್ಬರೂ ಅಂಗಿಯ ತೋಳು ಮೇಲಕ್ಕೆ ಮಡಚಿ, ಸೂಜಿ ಚುಚ್ಚಿದ ಜಾಗವನ್ನೇ ನೋಡುತ್ತಿದ್ದರು.

"ಅಕ್ಕಾ, ಅಂಗೈ ನವೆ ಬರ್ತಿದೆ," ಎಂದಳು ಬೋರಾಮ್ ಇದ್ದಕ್ಕಿದ್ದಂತೆ.

ಗ್ಯುರಿ ಅವಳ ಕೈ ಎಳೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ದದ್ದಿರಲಿಲ್ಲ. ಬರೀ ಬೆವರು. "ನರ್ಸನ್ನ ಕರೀತೀನಿ," ಎಂದು, ಕೈ ಬಿಡದೆಯೇ ಎದ್ದು ನಿಂತು ಕೂಗಿದಳು.