ತೊಳೆಯದ ಅಂಗಿ

ದಿವಾಕರ ತೆಂಗಿನಮರದಿಂದ ಬಿದ್ದು ಸತ್ತ ದಿನ ಅವನ ತಾಯಿ ಹೊನ್ನಮ್ಮ ಅಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದು ಮಾತಾಗುತ್ತಿರಲಿಲ್ಲ. ಆದರೆ ಶಿರಾಲಿಯ ಆ ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ದನಿ ತೆಗೆಯುವವಳು ಹೊನ್ನಮ್ಮ. ಸತ್ತವರು ನೆಟ್ಟ ಮರ, ಹೊತ್ತ ಹೊರೆ, ಕಡೆಗಾಲಕ್ಕೆ ಕೇಳಿದ ಗಂಜಿ, ಎಲ್ಲವನ್ನೂ ಪೋಣಿಸಿ ಹಾಡಿನ ಹಾಗೆ ಅಳುತ್ತಿದ್ದಳು. ಅವಳು ಒಂದು ಸಾಲು ಎತ್ತಿದ ಮೇಲೇ ಉಳಿದವರ ಕಣ್ಣು ಒಡೆಯುವುದು. ಬೈದು ಬೈದೇ ಸತ್ತ ಅತ್ತೆಗಾಗಿ ಸೊಸೆಯನ್ನೂ ಅಳಿಸಿದವಳು ಎಂಬ ಹೆಸರಿತ್ತು ಅವಳಿಗೆ.

ಮಗನನ್ನು ಅಂಗಳದಲ್ಲಿ ಮಲಗಿಸಿದಾಗ ಹೆಂಗಸರೆಲ್ಲ ಅವಳ ಬಾಯಿಯನ್ನೇ ನೋಡುತ್ತ ಕುಳಿತರು. ಹೊನ್ನಮ್ಮ ಅವನ ಕಾಲಿಗೆ ಸಿಕ್ಕಿಕೊಂಡಿದ್ದ ಮರ ಹತ್ತುವ ಹಗ್ಗದ ಬಳೆಯನ್ನು ಬಿಡಿಸಿ ಬದಿಗಿಟ್ಟಳು. ಆಮೇಲೆ, "ಬಂದವ್ರಿಗೆ ಚಾ ಮಾಡೂಕೆ ಯಾರಾದ್ರೂ ಹಿಂದಿನ ಮನೆಗೆ ಹೋಗಿ" ಎಂದಳು. ಸೊಸೆ ಪವಿತ್ರಾ ನಾಲ್ಕು ತಿಂಗಳ ಕೂಸನ್ನು ಅವುಚಿಕೊಂಡು ಒಬ್ಬಳೇ ಅತ್ತಳು.

ಹನ್ನೊಂದನೆಯ ದಿನ ಸೂತಕ ಕಳೆಯಬೇಕು. ಮನೆಯಲ್ಲಿರುವ ಬಟ್ಟೆ, ಚಾಪೆ, ಕಂಬಳಿ ಒಂದೂ ಬಿಡದೆ ನೀರು ಕಾಣಬೇಕು. ಅದರ ಉಸ್ತುವಾರಿಗೆ ಹೊನ್ನಮ್ಮನ ಗಂಡನ ತಂಗಿ ನಾಗಮ್ಮ ಕುಮಟೆಯಿಂದ ರೈಲಿನಲ್ಲಿ ಬಂದಿದ್ದಳು. ಆ ದಾರಿಗೆ ರೈಲು ಬಂದು ಮೂರು ವರ್ಷವಾಗಿತ್ತಷ್ಟೆ. ನಾಗಮ್ಮ ಪ್ರತಿಯೊಂದನ್ನೂ ಎತ್ತಿ ನೋಡಿ ಒಗೆಯುವ ಕಲ್ಲಿನ ಬಳಿ ಹಾಕುತ್ತಿದ್ದಳು.

"ಅತ್ತಗೆ, ದಿವಾಕ್ರ ಹಾಲು ಕರೂಕೆ ಹಾಕ್ಕಳ್ಳೂ ನೀಲಿ ಅಂಗಿ ಎಲ್ಲದೆ?"

"ಅದು ಅವ್ನ ಸಂಗಡೇ ಹೋತು."

ಅಂಗಿ ಹೋಗಿರಲಿಲ್ಲ. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿ, ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಳು. ಯಾಕೆ ಸುಳ್ಳು ಹೇಳಿದೆ ಎಂದು ಅವಳು ತನ್ನನ್ನು ಕೇಳಿಕೊಳ್ಳಲೂ ಇಲ್ಲ. ಬೆವರು, ಹಿಂಡಿ, ಸಗಣಿ, ಬೀಡಿ, ಎಲ್ಲ ಸೇರಿದ ಒಂದು ವಾಸನೆ ಅದರಲ್ಲಿತ್ತು. ಉಳಿದದ್ದನ್ನೆಲ್ಲ ಅವಳೇ ನಿಂತು ಸಾಬೂನು ಹಾಕಿ ತೊಳೆದಳು.

ಸೂತಕ ಕಳೆದ ಎರಡನೆಯ ದಿನ ಹಸು ಕವಲಿಯ ಕರು ಭೇದಿಯಾಗಿ ಸತ್ತಿತು. ಕವಲಿ ಮೂರು ದಿನ ಕೂಗಿತು. ಹುಲ್ಲು ಮುಟ್ಟಲಿಲ್ಲ. ಕೆಚ್ಚಲು ಬಿಗಿದು ಕಲ್ಲಾದರೂ ಹಾಲು ಇಳಿಸಲಿಲ್ಲ.

ಇತ್ತ ಗಂಡ ಹೋದ ವಾರದಲ್ಲೇ ಪವಿತ್ರಾಳ ಎದೆಹಾಲು ಬತ್ತಿತ್ತು. ಭಟ್ಕಳದಿಂದ ತಂದ ಡಬ್ಬಿಯ ಹಾಲನ್ನು ಕೂಸು ಕುಡಿದಷ್ಟೂ ಕಾರುತ್ತಿತ್ತು. ಬೇರೆ ಮನೆಯ ಎಮ್ಮೆ ಹಾಲು ಹೊಟ್ಟೆಗೆ ಹಿಡಿಯಲಿಲ್ಲ. ಒಗ್ಗುತ್ತಿದ್ದದ್ದು ನೀರು ಬೆರೆಸಿದ ಕವಲಿಯ ಹಾಲು ಮಾತ್ರ. ಕೂಸಿನ ಅಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಬಂತು.

ದನಗಳ ಕಾಯಿಲೆ ಕಸಾಲೆ ಬಲ್ಲ ವೆಂಕಟ ಬಂದು ನೋಡಿ, ಹೂಳಲು ಕೊಟ್ಟಿದ್ದ ಕರುವಿನ ಚರ್ಮ ತಾನು ಸುಲಿದು ಉಪ್ಪು ಹಚ್ಚಿ ಇಟ್ಟಿದ್ದೇನೆ ಎಂದ. ಅದಕ್ಕೆ ಹುಲ್ಲು ತುಂಬಿ ಹೊಲಿದು ತಾಯಿಯ ಮುಂದೆ ನಿಲ್ಲಿಸಿದರೆ ಹಸು ನೆಕ್ಕುತ್ತ ಹಾಲು ಬಿಡುತ್ತದೆ. ಹಳೆಯ ಉಪಾಯ. ಮಧ್ಯಾಹ್ನಕ್ಕೆ ಹಾಗೆ ಹೊಲಿದು ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿ ಹೋದ.

"ನಿನ್ನೆ ಮೊನ್ನೆ ಶುದ್ಧ ಆದ ಮನಿ" ಎಂದು ನಾಗಮ್ಮ ಮೂಗು ಮುಚ್ಚಿದಳು. "ಸತ್ತದ್ರ ಚರ್ಮ ಹಂಗೇ ಒಳಗೆ ತಕ್ಕಂಡ್ರೆ ಆಗೂದಾ?"

ಹೊನ್ನಮ್ಮ ಅದನ್ನು ಎತ್ತಿಕೊಂಡಳು. ಹನ್ನೊಂದನೆಯ ದಿನ ತೊಳೆದ ಅಭ್ಯಾಸ ಇನ್ನೂ ಕೈಯಲ್ಲಿತ್ತು. ಬಾವಿಕಟ್ಟೆಗೆ ಒಯ್ದು, ಉಳಿದಿದ್ದ ಸಾಬೂನಿನ ತುಂಡಿನಿಂದ ತಿಕ್ಕಿ ತಿಕ್ಕಿ ತೊಳೆದು ಬಿಸಿಲಿಗಿಟ್ಟಳು.

ಮರುದಿನ ಕವಲಿ ಅದನ್ನು ಒಮ್ಮೆ ಮೂಸಿ, ಸೀನಿ, ಮುಖ ತಿರುಗಿಸಿತು. ವೆಂಕಟ ಹತ್ತಿರ ಬಂದು ತಾನೂ ಮೂಸಿದ.

"ಸಾಬೂನು ಹಾಕ್ದ್ಯಾ ಹೊನ್ನಕ್ಕ? ಅಯ್ಯೋ, ಎಂತ ಕೆಲ್ಸ ಮಾಡ್ದೆ! ಅದ್ಕೆ ಕಣ್ಣಿಗೆ ಕಂಡ್ರೆ ಸಾಲೂದಿಲ್ಲ, ಮೂಗಿಗೆ ಕಾಣ್ಬೇಕು."

"ಇನ್ನೆಂತ ಮಾಡೂದು?"

"ಇನ್ನೊಂದು ಚರ್ಮ ಎಲ್ಲಿಂದ ತರ್ಲಿ? ಕರು ಇದ್ದದ್ದೇ ಒಂದು."

ನಾಗಮ್ಮ ಬಾಗಿಲಿಂದಲೇ ಸುರು ಮಾಡಿದಳು. "ಹೋಗ್ಲಿ, ದನ ಆದ್ರೂ ಮೂರು ದಿನ ಕೂಗ್ತು. ಊರವ್ರ ಹೆಣಕ್ಕೆಲ್ಲ ಅತ್ತವ್ಳಿಗೆ ಹೆತ್ತ ಮಗಂಗೆ ಒಂದು ಹನಿ ಇಲ್ಲ. ಕುಮಟೆಗೆ ಹೋದ್ಮೇಲೆ ಕೇಳೂರಿಗೆ ಎಂತ ಹೇಳ್ಲಿ ನಾನು?"

"ಕೂಸು ಎಂತಕ್ಕೆ ಸುಮ್ಮನಾತು?" ಎಂದಳು ಹೊನ್ನಮ್ಮ.

ಒಳಗಿನಿಂದ ಪವಿತ್ರಾ, "ಅಳೂಕೆ ತ್ರಾಣ ಇಲ್ಲ ಅತ್ತೆ" ಎಂದಳು.

ಹೊನ್ನಮ್ಮ ಅಡುಗೆಮನೆಗೆ ಹೋದಳು. ಅಕ್ಕಿ ಡಬ್ಬಿ ಸರಿಸಿದ ಸದ್ದು ಕೇಳಿತು. ಬರುವಾಗ ಕೈಯಲ್ಲಿ ನೀಲಿ ಅಂಗಿ ಇತ್ತು. ದಿವಾಕರ ದಿನಾ ಹಾಲು ಕರೆದಾದ ಮೇಲೆ ಕರುವನ್ನು ಎದೆಗೆ ಒತ್ತಿಕೊಂಡು ಮೈ ತುರಿಸುತ್ತಿದ್ದ. ಅಷ್ಟು ಹೊತ್ತೂ ಕವಲಿ ಇಬ್ಬರನ್ನೂ ಭೇದವಿಲ್ಲದೆ ನೆಕ್ಕುತ್ತಿತ್ತು. ಹೊನ್ನಮ್ಮ ಹುಲ್ಲಿನ ಕರುವಿನ ಮೇಲೆ ಅಂಗಿ ಹೊದಿಸಿ, ತೋಳುಗಳನ್ನು ಹೊಟ್ಟೆಯ ಕೆಳಗೆ ಗಂಟು ಹಾಕಿದಳು.

ಕವಲಿ ಬಗ್ಗಿ ಮೂಸಿತು. ಬಹಳ ಹೊತ್ತು ಮೂಸಿತು. ಗಂಟಲಿನಲ್ಲೇ ಒಂದು ಸಣ್ಣ ದನಿ ಮಾಡಿ ನಾಲಿಗೆ ಚಾಚಿತು. ಮೊದಲು ಬೆನ್ನು, ಆಮೇಲೆ ಕೊರಳಪಟ್ಟಿ, ಆಮೇಲೆ ಕಂಕುಳು. ನೆಕ್ಕುತ್ತ ನೆಕ್ಕುತ್ತ ಅದರ ಮೊಲೆಯಿಂದ ತಾನಾಗಿ ಒಂದೊಂದೇ ಹನಿ ನೆಲಕ್ಕೆ ಬಿತ್ತು. ಹೊನ್ನಮ್ಮ ಕುಕ್ಕರಗಾಲಲ್ಲಿ ಕುಳಿತು ಚೊಂಬು ಒಡ್ಡಿದಳು.

ಪವಿತ್ರಾ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ನಾಗಮ್ಮನೂ ಅತ್ತಳು, ಜೋರಾಗಿಯೇ. ವೆಂಕಟ ಸೂರಿನ ಕಡೆ ನೋಡಿದ.

"ಸಂಗಡೇ ಹೋತು ಅಂದಿದ್ದೆ, ಅತ್ತಗೆ?" ಎಂದಳು ನಾಗಮ್ಮ ಮೂಗು ಒರೆಸಿಕೊಳ್ಳುತ್ತ. ಈ ಸಲ ದನಿಯಲ್ಲಿ ಮೊನೆ ಇರಲಿಲ್ಲ.

"ಹೋಗ್ಲಿಲ್ಲ."

ಅರ್ಧ ಚೊಂಬು ಹಾಲಾಯಿತು. ಕಾಯಿಸಿ, ನೀರು ಬೆರೆಸಿ, ಒಳಲೆಯಲ್ಲಿ ಕುಡಿಸಿದರು. ಕೂಸು ಕಾರಲಿಲ್ಲ.

ಹೊರಡುವಾಗ ವೆಂಕಟ ಹೇಳಿದ: "ದಿನಾ ಇದೇ ಹೊದಿಸು ಹೊನ್ನಕ್ಕ. ವಾಸನಿ ಇರೂವಷ್ಟ್ ದಿನ ನಡೀತದೆ. ಅಷ್ಟರೊಳಗೆ ಅದ್ಕೆ ನಿನ್ನ ಕೈ ರೂಢಿ ಆಗ್ತದೆ."

"ಆತು" ಎಂದಳು ಹೊನ್ನಮ್ಮ.

ಕೊಟ್ಟಿಗೆಯಲ್ಲಿ ಅಂಗಿ ಬಿಚ್ಚಿ ನೋಡಿದಳು. ಕೊರಳಪಟ್ಟಿ ಎಂಜಲಿನಿಂದ ತೊಯ್ದು, ಒಗೆದ ಬಟ್ಟೆಯ ಹಾಗೆ ತಣ್ಣಗಿತ್ತು. ಮುಖದ ಹತ್ತಿರ ಒಯ್ದಳು. ಅಲ್ಲಿ ಈಗ ಹಸುವಿನ ವಾಸನೆ ಮಾತ್ರ ಇತ್ತು. ಎಡಗಡೆಯ ಕಂಕುಳು ಇನ್ನೂ ಒಣಗಿಯೇ ಇತ್ತು; ಅಲ್ಲಿ ಬೆವರು, ಬೀಡಿ ಹಾಗೇ ಇದ್ದವು.

ಮರುದಿನ ಬೆಳಿಗ್ಗೆ ಅಂಗಿ ಹೊದಿಸುವ ಮೊದಲು ಹೊನ್ನಮ್ಮ ಎಡತೋಳನ್ನು ಕಂಕುಳ ಸಮೇತ ಒಳಗೆ ತಿರುಗಿಸಿ, ಮಡಚಿ, ನಾಲಿಗೆ ತಲುಪದ ಹಾಗೆ ಸೂಜಿ ದಾರ ಹಾಕಿ ಹೊಲಿದಳು. ಬೆನ್ನಿನ ಭಾಗವನ್ನು ಕವಲಿಯ ಕಡೆಗೆ ಇಟ್ಟಳು. ಚೊಂಬು ತಕ್ಕೊಂಡು ಕುಳಿತಳು.