ಗದ್ದುಗೆಯ ಕಂಬಳಿ

ಕ್ಯಾಸಂಬಳ್ಳಿಯಲ್ಲಿ ಬಸ್ಸಿಳಿದು ಗುಡ್ಡದ ಕಾಲುದಾರಿ ಹಿಡಿದ ಮುನಿಸ್ವಾಮಪ್ಪನಿಗೆ ಅರ್ಧ ದಾರಿಗೇ ಸಾಕುಸಾಕಾಗಿತ್ತು. ಇದೇ ಗುಡ್ಡದ ಕುರಿಹಟ್ಟಿಯಲ್ಲಿ ಹುಟ್ಟಿ, ಮರಿಗಳ ಹಿಂದೆ ಓಡಿ ಬೆಳೆದ ಕಾಲುಗಳು ಈಗ ಅವನ ಮಾತು ಕೇಳುತ್ತಿರಲಿಲ್ಲ. ವಯಸ್ಸಿಗೆ ಬಂದಾಗಿನಿಂದ ಚಿನ್ನದ ಗಣಿಯ ಕೂಲಿ. ಗಣಿ ಕಂಪನಿಯ ಕೈಬಿಟ್ಟು ಸರ್ಕಾರದ್ದಾಯಿತು, ನಿಜ. ಧೂಳು ಮಾತ್ರ ಹಳೆಯದೇ. ಮಾರು ಮಾರಿಗೂ ಕೆಮ್ಮು ಅವನನ್ನು ಹಿಡಿದು ಕೂರಿಸುತ್ತಿತ್ತು.

ಆದರೂ ಬರದೆ ವಿಧಿಯಿರಲಿಲ್ಲ. ನಾಳೆ ಬೆಳಿಗ್ಗೆ ನಂದಿದುರ್ಗ ಗಣಿಯ ಕೂಲಿ ಲೈನುಮನೆಯ ಮುಂದೆ ಮಗಳು ಆದಿಲಕ್ಷ್ಮಿಯ ಧಾರೆ. ಇವರ ಕುಲದಲ್ಲಿ ಹೆಣ್ಣುಗಂಡನ್ನು ಕೂರಿಸುವುದು ಕರಿಕಂಬಳಿಯ ಗದ್ದುಗೆಯ ಮೇಲೆ. ಅದು ಹಟ್ಟಿಯಲ್ಲೇ ನೇಯ್ದದ್ದಾಗಬೇಕು, ಅದರ ಮೇಲೆ ಯಾರೂ ಮೈಯೂರಿರಬಾರದು. ಅಂಗಡಿ ಕಂಬಳಿ ಹಾಸಿದರೆ ಬೀಗರು ಎದ್ದುಹೋಗುವ ಪೈಕಿ. ಹಟ್ಟಿಯಲ್ಲೇ ಉಳಿದ ಅಕ್ಕ ಅಮ್ಮಾಜಮ್ಮ ಒಂದು ನೇಯಿಸಿಟ್ಟಿದ್ದೇನೆಂದು ಹೇಳಿಕಳಿಸಿದ್ದಳು.

ಮುಳ್ಳುಬೇಲಿಯ ಹೊರಗೆ ನಿಂತು ಕೂಗಿದ. ನಾಯಿಗಳು ಅವನನ್ನು ಮರೆತಿದ್ದವು. ಅಕ್ಕ ಬಂದು ಗದರಿದ ಮೇಲೆ ಬಾಲ ಆಡಿಸಿದವು.

“ಏನ್ಲಾ ಇಂಗೆ ಸೊರಗೋಗಿದ್ದೀಯ! ಕೂತ್ಕೊ, ಅಂಬಲಿ ತತ್ತೀನಿ,” ಎಂದು ಅವಳು ಗುಡಿಸಲಿನೊಳಗೆ ಹೋದಳು.

ಬಂಡೆಯ ಮೇಲೊಂದು ಕಂಬಳಿ ಹಾಸಿತ್ತು. ಬಂದವರಿಗೆ ನೀರಿಗಿಂತ ಮೊದಲು ಕಂಬಳಿ ಹಾಸುವುದು ಆ ಹಟ್ಟಿಯ ವಾಡಿಕೆ. ಕೂತ. ಹಾಗೇ ಒರಗಿದ. ರಾತ್ರಿಪಾಳಿ ಮುಗಿಸಿ ಸೀದಾ ಬಂದಿದ್ದ ಜೀವ, ಉಣ್ಣೆಯ ವಾಸನೆಗೆ ನಿದ್ದೆ ಹತ್ತಿಬಿಟ್ಟಿತು.

ಕಣ್ಣು ಬಿಟ್ಟರೆ ಅಕ್ಕ ಅಂಬಲಿಯ ಚೊಂಬು ಹಿಡಿದು ಬೆಪ್ಪಾಗಿ ನಿಂತಿದ್ದಳು.

“ಅಯ್ಯೋ, ಬಿಸಿಲಿಗೆ ಆಕಿದ್ನಲ್ಲೋ! ಗದ್ದುಗೆ ಕಂಬಳಿ ಕಣ್ಲಾ ಅದು!”

ಮುನಿಸ್ವಾಮಪ್ಪ ಕೆಂಡ ತುಳಿದವನಂತೆ ಎದ್ದ. ಹಟ್ಟಿ ಬಿಟ್ಟವನಿಗೆ ಹಟ್ಟಿಯ ವಾಡಿಕೆ ನೆನಪಿದ್ದದ್ದೇ ಮುಳುವಾಯಿತು. ನಾಚಿಕೆ, ಸುಸ್ತು, ಅಳು ಎಲ್ಲ ಒಟ್ಟಿಗೇ ಬಂದವು.

“ಯಾರ್ಗೂ ಏಳ್ಬೇಡಕ್ಕ. ಇದನ್ನೇ ತಗಂಡೋಯ್ತೀನಿ.”

“ಮಗು ಕೂರೋ ಜಾಗದಾಗೆ ಸುಳ್ಳು ಆಸ್ತಾರೇನ್ಲಾ?”

ಅಮ್ಮಾಜಮ್ಮ ಒಳಗಿನ ಬಿದಿರುಬುಟ್ಟಿಯಿಂದ ಇನ್ನೊಂದು ಕರಿಕಂಬಳಿ ತಂದಳು. ಮಡಿಕೆ ಮುರಿದಿರಲಿಲ್ಲ, ಒಣಗಿದ ಬೇವಿನೆಲೆ ಉದುರಿತು. ಅದು ಯಾವುದೆಂದು ಅವನಿಗೆ ಕಂಡಕೂಡಲೇ ತಿಳಿಯಿತು. ಹಟ್ಟಿಯ ಮುದುಕರು ತಾವು ಮಣ್ಣಿಗೆ ಹೋಗುವಾಗ ಹೊದೆಯಲೆಂದು ನೇಯಿಸಿಟ್ಟುಕೊಳ್ಳುವ ಕಂಬಳಿ.

“ಅಕ್ಕ, ಇದು ನಿನ್ನ...”

“ಕಂಬಳಿಗೇನ್ ಗೊತ್ತು, ಮದ್ವೆ ಯಾವ್ದು, ಮಣ್ಣು ಯಾವ್ದು? ನಾಳೆ ನಾನೇನ್ ಸಾಯಾಕಿಲ್ಲ, ಮದ್ವೆಗೆ ಬತ್ತೀನಿ.”

“ಅಂಗಾದ್ರೆ ನಾನು ಮಲಗಿದ್ದನ್ನ ನೀನಿಟ್ಕೊ. ನಿಂಗೆ ಬೇಕಾಯ್ತದೆ...”

ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ಬಂದದ್ದು ಬಿಡಲಿಲ್ಲ. ಬೆನ್ನು ನೀವುತ್ತಿದ್ದ ಅಕ್ಕನ ಕೈಗೆ ಎಲುಬುಗಳು ತಗುಲಿದವು. ಕೈ ಅಲ್ಲೇ ನಿಂತಿತು. ಕೆಮ್ಮು ಅಡಗಿದ ಮೇಲೆ ಅವಳು ಅವನು ಮಲಗಿದ್ದ ಕಂಬಳಿಯನ್ನು ಕೊಡವಿ ಮಡಚಿ, ಅದನ್ನೂ ಅವನ ಹೆಗಲಿಗೆ ಹಾಕಿದಳು.

“ಇದು ನಿಂದೇ ಕಣಪ್ಪ,” ಎಂದಳು. “ನಂಗೆ ಬರೋ ವರ್ಸದ ಉಣ್ಣೆ ಐತೆ. ನಾನು ಕಾಯ್ತೀನಿ.”

ಅಕ್ಕನಿಗಿಂತ ಮೊದಲು ಕಂಬಳಿ ಬೇಕಾಗುವುದು ತನಗೇ ಎಂದು ಮುನಿಸ್ವಾಮಪ್ಪನಿಗೆ ಅರ್ಥವಾಯಿತು. ಹೆದರಿಕೆಯೂ ಆಯಿತು. ಆದರೆ ನಾಳೆ ಮಗಳ ಧಾರೆ. ಅಂಬಲಿ ಕುಡಿದು, ಎರಡು ಕಂಬಳಿಗಳನ್ನೂ ಹೊತ್ತುಕೊಂಡು ಗುಡ್ಡ ಇಳಿಯತೊಡಗಿದ.