ರಾಣಿಯ ಕೊನೆಯ ಪುಟ

"ಕೈ ಬಿಡು, ಎಲ್ಲರೂ ನೋಡ್ತಿದಾರೆ," ಎಂದ ಮಾಮ.

ಮಗಳು ಅವನ ತೋಳು ಬಿಡಲಿಲ್ಲ. ಅಮ್ಮನನ್ನು ಅವಳ ಪ್ರೆಸ್ಸಿನ ಅಂಗಳದಲ್ಲೇ ಮಲಗಿಸಿದ್ದರು. ಮಸಣಕ್ಕೆ ಒಯ್ಯುವ ಗಾಡಿ ಬರುವ ಹೊತ್ತಾಗಿತ್ತು.

"ಅಮ್ಮ ಇರೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಇವತ್ತು ನೀವೇ ಹೇಳ್ಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ."

"ಸಾವಿನ ಮನೇಲಿ ರಂಪ ಮಾಡ್ತೀಯಾ?"

ಅಷ್ಟರಲ್ಲಿ ಅಚ್ಚುಮೊಳೆ ಜೋಡಿಸುವ ಮುದುಕ ಮೂಗೊರೆಸುತ್ತ ಬಂದ. "ನಿಮ್ಮ ರಾಣಿ ಕತೆ ಅಂದ್ರೆ ಅಕ್ಕೋರಿಗೆ ಪ್ರಾಣ, ಸಾರ್."

"ಹೌದು ಹೌದು," ಎಂದು ಮಾಮ ಎತ್ತಲೋ ನೋಡಿದ. ಮಗಳಿಗೆ ಮೈಯೆಲ್ಲ ಉರಿದುಹೋಯಿತು.

*

ಅಮ್ಮನ ತಮ್ಮನಾದ ಈ ಮಾಮ ಹೆಸರಾಂತ ಕತೆಗಾರ. ಅವನ ಕತೆಗಳಲ್ಲಿ ಹೆಂಗಸರೇ ಆಳುವ ಗ್ರಹವೊಂದಿತ್ತು. ಆದರೆ ಭೂಮಿಯಿಂದ ಗಂಡಸೊಬ್ಬ ಇಳಿದನೆಂದರೆ ಮುಗಿಯಿತು, ಕೊನೆಯ ಪುಟದಲ್ಲಿ ರಾಣಿ ಕಿರೀಟ ತೆಗೆದು ಅವನ ಕೈಗಿಟ್ಟು ನಾಚಿಕೊಳ್ಳುತ್ತಿದ್ದಳು.

"ಅಷ್ಟು ದೂರ ಹೋದ್ರೂ ಇದೇ ಗೋಳೇನೋ?" ಎಂದು ಅಮ್ಮ ನಗುತ್ತಿದ್ದಳು. ಒಮ್ಮೆ ಅವನು ಊರಲ್ಲಿಲ್ಲದಾಗ ಕೊನೆಯ ಪುಟವನ್ನು ತಾನೇ ಬರೆದು ಅಚ್ಚು ಹಾಕಿಸಿಬಿಟ್ಟಳು. ರಾಣಿ ಕಿರೀಟ ಕೊಡಲಿಲ್ಲ. ಬಂದವನಿಗೆ ಕುಡಿಯಲು ನೀರು ಕೊಟ್ಟು, ನಿನಗೆ ಯಾವ ಕೆಲಸ ಬರುತ್ತದಪ್ಪ ಎಂದು ಕೇಳಿದಳು.

ಮಾಮ ಬಂದು ಸಿಟ್ಟಿನಲ್ಲಿ ಕುಣಿದಾಡಿದ. ಪ್ರತಿಗಳೆಲ್ಲ ಖರ್ಚಾದ ಮೇಲೆ ತೆಪ್ಪಗಾದ. ಅಲ್ಲಿಂದಾಚೆಗೆ ಪ್ರತಿ ಕತೆಯ ಕೊನೆಗೂ ಒಂದು ಖಾಲಿ ಹಾಳೆ ಇಟ್ಟು ತರುತ್ತಿದ್ದ. ಬರೆದುಕೊಡು ಎಂದು ಬಾಯಿಬಿಟ್ಟು ಕೇಳಿದವನಲ್ಲ; ಅಮ್ಮ ಅದನ್ನು ತುಂಬಿಸಿಕೊಡುತ್ತಿದ್ದಳು. ಹೆಣ್ಣಿನ ಶಕ್ತಿಯನ್ನು ಅರಿತ ಗಂಡಸು ಎಂದು ಊರೆಲ್ಲ ಅವನನ್ನೇ ಕೊಂಡಾಡಿತು.

"ಕೊನೇ ಪುಟ ನಂದು ಅಂತ ಹೇಳ್ಬಾರ್ದಾ ಅಮ್ಮ?"

"ರಾಣಿ ಗೆದ್ದಳಲ್ಲ, ಬಿಡೇ."

ಹಾಗೆಂದವಳು, ಅವನಿಗೆ ದೊಡ್ಡ ಬಹುಮಾನ ಬಂದ ದಿನ ಊಟ ಮಾಡದೆ ಗೋಡೆ ಕಡೆ ತಿರುಗಿ ಮಲಗಿದ್ದಳು.

*

ಗಾಡಿ ಬಂತು. ಮಾಮ ಜೇಬಿನಿಂದ ಹಾಳೆಗಳನ್ನು ತೆಗೆದು ಓದತೊಡಗಿದ. ಅಕ್ಕನ ದುಡಿಮೆ, ಅಕ್ಕನ ನಗು, ಶಾಯಿ ಮೆತ್ತಿದ ಅಕ್ಕನ ಕೈ. ಚೆನ್ನಾಗಿಯೇ ಬರೆದಿದ್ದ, ಪಾಪಿ. ಜನ ಕಣ್ಣೊರೆಸಿಕೊಂಡರು. ಕೊನೆಯ ಪುಟಗಳ ಮಾತೊಂದು ಮಾತ್ರ ಬರಲೇ ಇಲ್ಲ. ಮಗಳು ಮುಷ್ಟಿ ಬಿಗಿದು ಮುಂದೆ ಬಂದಳು.

"ಇಂಥ ನನ್ನಕ್ಕ, ಕೊನೆಗೆ..." ಎನ್ನುತ್ತ ಮಾಮ ಹಾಳೆ ಮಗುಚಿದವನು ನಿಂತುಬಿಟ್ಟ.

"ಓದಿ ಸಾರ್," ಎಂದ ಮುದುಕ.

ಮಗಳು ಇಣುಕಿ ನೋಡಿದಳು. ಖಾಲಿ ಹಾಳೆ. ಎಂದಿನ ರೂಢಿಯಂತೆ ಕೊನೆಗೆ ಇಟ್ಟುಕೊಂಡು ಬಂದಿದ್ದ.

ಅದನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರೆದುರು, ಮಲಗಿದ್ದ ಅಕ್ಕನ ಕಡೆಗೆ ಮಾಮ ಚಾಚಿದ.